ಮೂರು ತಕ್ಕಡಿ, ಒಂದು ಗುಂಡು

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನಷ್ಟು ಅನುಮಾನದ ಮನುಷ್ಯ ಕುರುಗೋಡಿನ ಸುತ್ತಮುತ್ತ ಇನ್ನೊಬ್ಬನಿರಲಿಲ್ಲ. ಮಜ್ಜಿಗೆ ಕೊಟ್ಟರೆ ಮೂಸಿ ನೋಡಿ ಕುಡಿಯುತ್ತಿದ್ದ. ಕಂಡಕ್ಟರು ‘ಹತ್ರಿ, ಬಸ್ಸು ಹೊಂಟತಿ’ ಎಂದು ಕೂಗಿದರೂ ಡ್ರೈವರು ಸೀಟಿನಲ್ಲಿ ಕೂತಿದ್ದಾನೋ ಇಲ್ಲವೋ ನೋಡಿಯೇ ಹತ್ತುತ್ತಿದ್ದ. ಯಾರಾದರೂ ಏನಾದರೂ ಬಿಟ್ಟಿ ಕೊಟ್ಟರಂತೂ ಮುಗಿಯಿತು, ಮೂರು ದಿನ ಅದೇ ಚಿಂತೆ. ‘ಬೆಳ್ಳಗಿರೋದೆಲ್ಲಾ ಹಾಲಲ್ಲ’ ಎನ್ನುವ ಮಾತು ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅವನ ಮಗಳಾದ ನನಗೂ ಆ ಗುಣ ಒಂದಿಷ್ಟು ಬಂದಿದೆ, ಮಕ್ಕಳೇ. ನನ್ನ ಮೊಮ್ಮಕ್ಕಳು ‘ಹೋಂವರ್ಕ್ ಮುಗೀತು’ ಎಂದರೆ ನಾನು ಪುಸ್ತಕ ತೆರೆಸಿಯೇ ನೋಡುವುದು.

ಆ ವರ್ಷ ಕಾಲುವೆ ನೀರಿಗೆ ನೆಲ್ಲು ಚೆನ್ನಾಗಿ ಬಂದಿತ್ತು. ಕಣದ ತುಂಬ ರಾಶಿ. ಹುಲ್ಲಿನ ಬಿಸಿ ವಾಸನೆ ನಮ್ಮ ಜಡೆಗಳಿಗೂ ಅಂಟಿಕೊಂಡಿತ್ತು. ಪ್ರತಿ ವರ್ಷ ನಮ್ಮ ರಾಶಿ ಬಂಡಿ ಏರಿ ಸಿರುಗುಪ್ಪದ ಒಬ್ಬ ಸಾವುಕಾರನ ದಲಾಲಿ ಅಂಗಡಿಗೆ ಹೋಗುತ್ತಿತ್ತು. ಅವನು ತೂಗಿದ್ದೇ ತೂಕ. ಆ ಸಲ ಮಾತ್ರ ಕುರುಗೋಡಿನಲ್ಲಿ ರೈತರೇ ಸೇರಿ ಒಂದು ಸಹಕಾರ ಸಂಘ ಕಟ್ಟಿದ್ದರು. ತಮ್ಮದೇ ಗೋದಾಮು, ತಮ್ಮದೇ ತಕ್ಕಡಿ. ಎಲ್ಲರ ನೆಲ್ಲನ್ನೂ ಒಟ್ಟು ಮಾಡಿ, ನಡುವೆ ಯಾರೂ ಇಲ್ಲದೆ ನೇರವಾಗಿ ಮಿಲ್ಲಿಗೆ ಮಾರುವುದು ಅವರ ಯೋಚನೆ.

ಅಪ್ಪನಿಗೆ ನಂಬಿಕೆ ಬರಲಿಲ್ಲ. ಅಜ್ಜನ ಕಾಲದಲ್ಲಿ, ನಮ್ಮ ಸೀಮೆ ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗ, ಇಂಥದೇ ಒಂದು ಸಂಘ ಹುಟ್ಟಿತ್ತಂತೆ. ಎರಡು ಸುಗ್ಗಿ ಕಳೆಯುವುದರೊಳಗೆ ಅದರ ಬಾಗಿಲಿಗೆ ಬೀಗ ಬಿತ್ತು. ಕೀಲಿಕೈ ಯಾರ ಹತ್ತಿರ ಇದೆ ಎನ್ನುವುದು ಕೊನೆಗೂ ಗೊತ್ತಾಗಲಿಲ್ಲವಂತೆ. ಹಾಗಾಗಿ ಅಪ್ಪ ಈ ಸಂಘವನ್ನೂ ಓರೆಗಣ್ಣಿನಿಂದಲೇ ನೋಡುತ್ತಿದ್ದ. ನಮ್ಮ ಓಣಿಯವರೆಲ್ಲ ಅಪ್ಪನ ಬಾಯಿ ನೋಡುತ್ತಿದ್ದರು. ಅವನ ಅನುಮಾನ ದಾಟಿ ಬಂದದ್ದು ಗಟ್ಟಿ ಎಂದು ಅವರ ಲೆಕ್ಕ. ಅಪ್ಪ ಬೇಡವೆಂದರೆ ಇಡೀ ಓಣಿಯ ನೆಲ್ಲು ಮತ್ತೆ ಸಿರುಗುಪ್ಪಕ್ಕೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಅವ್ವನ ರುಬ್ಬುವ ಕಲ್ಲಿನ ಗುಂಡನ್ನು ಎತ್ತಿ ಗೋಣಿಚೀಲಕ್ಕೆ ಹಾಕಿದ. ದಾರಿಯಲ್ಲಿ ಯಾರೂ ಬದಲಾಯಿಸದಂತೆ ಚೀಲದ ಬಾಯಿಗೆ ದಬ್ಬಳದಿಂದ ಹೊಲಿಗೆ ಹಾಕಿದ. ಕಲ್ಲನ್ನು ಯಾರು ಕದಿಯುತ್ತಾರೆ ಎಂದು ಅವ್ವ ಕೇಳಿದರೆ ಇನ್ನೆರಡು ಹೊಲಿಗೆ ಹೆಚ್ಚಿಗೆ ಹಾಕಿದ. ಅದೇ ಕಲ್ಲನ್ನು ಮೂರು ಕಡೆ ತೂಗಿಸಿ ಯಾರ ತಕ್ಕಡಿ ಸರಿ ಎಂದು ನೋಡಲು, ಅಕ್ಕನನ್ನೂ ನನ್ನನ್ನೂ ಸಾಕ್ಷಿಗೆಂದು ಕರೆದುಕೊಂಡು ಹೊರಟ.

ಮೊದಲು ಬಳ್ಳಾರಿ, ಕೌಲ್ ಬಜಾರ್. ಅಲ್ಲಿ ಒಬ್ಬ ಚಾಚಾನ ಹಳೇ ಕಬ್ಬಿಣದ ಅಂಗಡಿ. ಅಕ್ಕಪಕ್ಕದಲ್ಲಿ ತಗಡು ಬಡಿಯುವ ಸದ್ದು, ತುಕ್ಕು ಮತ್ತು ಎಣ್ಣೆಯ ವಾಸನೆ. ಇಲ್ಲಿಗೇಕೆ ಬಂದೆವು ಎಂದು ಅಕ್ಕ ಕೇಳಿದಳು. ‘ಇವಗ ನೆಲ್ಲಿನ ಸಂಬಂಧ ಏನೈತಿ? ಸುಳ್ಳು ಹೇಳಿ ಏನು ಮಾಡ್ತಾನ?’ ಎಂದ ಅಪ್ಪ. ಚಾಚಾ ತೂಗಿದ. ಚೀಲ ಸೇರಿ ಸರಿಯಾಗಿ ಹನ್ನೆರಡು ಕಿಲೋ.

ಅಪ್ಪ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತಿದ್ದಾಗ ಚಾಚಾ ನನ್ನ ಕೈಗೊಂದು ಕಬ್ಬಿಣದ ಗಾಲಿ ಇಟ್ಟ. ಅಂಗೈ ಅಗಲದ್ದು, ನಡುವೆ ತೂತು, ತಣ್ಣಗೆ, ಭಾರವಾಗಿ. ‘ತಗೋ ಬೇಟಿ, ಆಟಕ್ಕ ಆಗ್ತದ’ ಎಂದ. ನನಗೆ ಜೀವ ಹೋಗುವಷ್ಟು ಖುಷಿ. ಆದರೆ ಬಿಟ್ಟಿ ಸಿಕ್ಕ ವಸ್ತು! ಅಪ್ಪ ಕಂಡರೆ ಅಲ್ಲೇ ತಿರುಗಿ ಕೊಡಿಸುತ್ತಿದ್ದ. ಚೀಲದ ಬಾಯಿ ಹೊಲಿದಿದ್ದ ಅಪ್ಪನ ಕಣ್ಣಿಗೆ ಅದರ ತಳದಲ್ಲಿ ಇಲಿ ಕಡಿದ ತೂತು ಬಿದ್ದಿರಲಿಲ್ಲ. ನನ್ನ ಕಣ್ಣಿಗೆ ಬಿದ್ದಿತ್ತು. ತೂತನ್ನು ಬೆರಳಿನಿಂದ ಹಿಗ್ಗಿಸಿ, ಗಾಲಿಯನ್ನು ಅದರೊಳಗೆ ತೂರಿಸಿ ಗುಂಡಿನ ಅಡಿಗೆ ತಳ್ಳಿಬಿಟ್ಟೆ.

ಸಿರುಗುಪ್ಪದ ಬಸ್ಸು ಇಳಿಯುವಾಗ ಬಿಸಿಲು ನೆತ್ತಿಗೇರಿತ್ತು. ಅಪ್ಪ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ‘ಬಿಸಿಲು ಏರಿದಂಗ ಕಲ್ಲೂ ಭಾರ ಆಗತೈತಿ ನೋಡು’ ಎಂದ. ನಾನು ಅಕ್ಕನ ಹಿಂದೆ ಸರಿದೆ. ದಲಾಲಿ ಅಂಗಡಿಯಲ್ಲಿ ತೌಡಿನ ವಾಸನೆ, ಬಿಳಿ ಗಾದಿ, ತಂಪು ಮಜ್ಜಿಗೆ. ‘ಬರ್ರಿ ಗೌಡ್ರ, ನಮ್ ಮ್ಯಾಲೂ ಅನುಮಾನ ಏನ್ರಿ?’ ಎಂದು ಸಾವುಕಾರ ನಕ್ಕ. ಅಪ್ಪ ಮಜ್ಜಿಗೆ ಮೂಸಿ ನೋಡಿ ಕುಡಿದ. ಚೀಲ ತಕ್ಕಡಿಗೆ ಏರಿತು. ಹನ್ನೆರಡು ಕಿಲೋ! ಅಪ್ಪನ ಮುಖ ಅರಳಿತು.

ಮಧ್ಯಾಹ್ನ ಇಳಿದ ಮೇಲೆ ಕುರುಗೋಡಿಗೆ ಬಂದೆವು. ಸಂಘದ ಗೋದಾಮಿಗೆ ಹೊಸ ಸುಣ್ಣ ಬಳಿದಿದ್ದರು. ನಮ್ಮ ಓಣಿಯ ಏಳೆಂಟು ಜನ ಕಾಯುತ್ತ ಕೂತಿದ್ದರು. ಸಂಘದ ಕಾರ್ಯದರ್ಶಿ ಕನ್ನಡಕ ಹಾಕಿದ ಹುಡುಗುಮುಖದ ಮನುಷ್ಯ. ಅವನು ಚೀಲ ತೂಗಿ ಹೇಳಿದ: ‘ಹದಿಮೂರು ಕಿಲೋ ಐತ್ರಿ.’

ಅಪ್ಪ ಎದ್ದು ನಿಂತ. ‘ನೋಡಿದ್ರೇನು? ಕಡಿಮಿ ತೋರಿಸಾವ ಸಣ್ಣ ಕಳ್ಳ. ಹೆಚ್ಚು ತೋರಿಸಾವ ದೊಡ್ಡ ಕಳ್ಳ. ಇವತ್ತು ಹೆಚ್ಚು ತೋರಿಸಿ ಕರೀತಾರ, ನಾಳಿ ಬಾಗಲಿಗೆ ಬೀಗ ಹಾಕ್ತಾರ. ಈ ತಕ್ಕಡಿಗೆ ನಮ್ಮ ನೆಲ್ಲು ಬರಾಂಗಿಲ್ಲ!’ ಎಂದ. ಕೂತಿದ್ದವರು ಒಬ್ಬೊಬ್ಬರಾಗಿ ಟವೆಲ್ಲು ಕೊಡವಿ ಎದ್ದರು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡು ತಕ್ಕಡಿಯನ್ನೇ ನೋಡಿದ. ತನ್ನ ತಕ್ಕಡಿಯ ಮೇಲೆ ತನಗೇ ಅನುಮಾನ ಬಂದವನ ಹಾಗೆ ಕಂಡ.

ತಪ್ಪು ಯಾರದೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೇಳಿದರೆ ಗಾಲಿ ಹೋಗುತ್ತದೆ, ಬೆನ್ನಿಗೂ ಬೀಳುತ್ತದೆ. ಹೇಳದಿದ್ದರೆ ಏನೂ ಮಾಡದ ಆ ಮನುಷ್ಯ ಕಳ್ಳನಾಗುತ್ತಾನೆ. ಅಳುತ್ತಲೇ ಚೀಲದ ತೂತಿಗೆ ಕೈ ಹಾಕಿ ಗಾಲಿ ಹೊರಗೆಳೆದೆ. ‘ಯಪ್ಪಾ, ಇದು ಒಳಗಿತ್ತು. ಬಳ್ಳಾರ್ಯಾಗ ಚಾಚಾ ಕೊಟ್ಟಿದ್ದ, ಅಲ್ಲೇ ನಾನೇ ಇಟ್ಟಿದ್ದೆ.’

ಅಪ್ಪ ನಂಬಿದನೆಂದುಕೊಂಡಿರಾ? ‘ಯಾರು ಕಲಿಸಿಕೊಟ್ರು ನಿನಗ? ಸಂಘದವ್ರು ಪೆಪ್ಪರಮೆಂಟು ಕೊಟ್ಟಾರೇನು?’ ಎಂದ. ಹೆತ್ತ ಮಗಳನ್ನೂ ಬಿಡದ ಅನುಮಾನ! ಇವತ್ತಿಗೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಅಕ್ಕ ಚೀಲವನ್ನು ಮತ್ತೆ ತಕ್ಕಡಿಗೆ ಏರಿಸಿದಳು. ಹನ್ನೆರಡು. ಅದನ್ನು ಇಳಿಸಿ ಗಾಲಿಯನ್ನಿಟ್ಟಳು. ಒಂದು. ಆಮೇಲೆ ಮೆಲ್ಲಗೆ ಕೇಳಿದಳು: ‘ಯಪ್ಪಾ, ಸಿರುಗುಪ್ಪದಾಗ ಗಾಲಿ ಒಳಗೇ ಇತ್ತಲ್ಲ. ಹಂಗಾದ್ರ ಅಲ್ಲಿ ಗುಂಡು ಎಷ್ಟಾತು?’

ಹೊರಡಲೆಂದು ಎದ್ದಿದ್ದವರು ತಿರುಗಿ ನಿಂತರು. ಅಪ್ಪ ಬೆರಳು ಮಡಿಚಿದ, ಬಿಡಿಸಿದ. ಹನ್ನೊಂದು. ಅಪ್ಪ ಅಲ್ಲೇ ಒಂದು ಚೀಲದ ಮೇಲೆ ಕುಸಿದು ಕೂತ. ಅಷ್ಟು ವರ್ಷ, ಬಂಡಿಗಟ್ಟಲೆ ನೆಲ್ಲು ಆ ತಕ್ಕಡಿ ಹತ್ತಿ ಇಳಿದಿತ್ತು. ‘ಅವನ ಮಜ್ಜಿಗಿ ಮೂಸಿ ನೋಡಿದೆ. ತಕ್ಕಡಿ ನೋಡಲಿಲ್ಲ’ ಎಂದ. ಅಪ್ಪನ ಕಣ್ಣಲ್ಲಿ ನೀರು ಕಂಡದ್ದು ನಾನು ಅದೇ ಮೊದಲು.

ಹಾಗೆಂದು ಅವನು ಅಕ್ಕನ ಲೆಕ್ಕವನ್ನು ಒಪ್ಪಿ ಸುಮ್ಮನಾಗಲಿಲ್ಲ. ಮರುದಿನ ಒಬ್ಬನೇ ಸಿರುಗುಪ್ಪಕ್ಕೆ ಹೋಗಿ ಗಾಲಿ ಇಲ್ಲದೆ, ಅದೇ ಚೀಲದಲ್ಲಿ ಗುಂಡನ್ನು ತೂಗಿಸಿಕೊಂಡು ಬಂದ. ಹನ್ನೊಂದೇ. ಆಮೇಲೆ ಸಂಘಕ್ಕೆ ಸಹಿ ಹಾಕಿದ, ಒಂದು ಷರತ್ತಿನ ಮೇಲೆ. ಗುಂಡು ತಕ್ಕಡಿಯ ಪಕ್ಕದಲ್ಲೇ ಇರಬೇಕು, ಯಾರು ಬೇಕಾದರೂ ಯಾವಾಗ ಬೇಕಾದರೂ ಎತ್ತಿಟ್ಟು ತೂಗಿ ನೋಡಬಹುದು. ಕಾರ್ಯದರ್ಶಿ ಸಂತೋಷದಿಂದ ಒಪ್ಪಿದ. ಸಂತೋಷವಾಗದೆ ಹೋದದ್ದು ಅವ್ವನಿಗೆ. ಹೊಸ ಗುಂಡು ಬರುವವರೆಗೆ ಚಟ್ನಿಗಾಗಿ ಪಕ್ಕದ ಮನೆಗೆ ಅಲೆದಳು.

ಸಂಘದಲ್ಲಿ ಮುಂದೆ ಜಗಳಗಳಾದವು, ಒಂದೆರಡು ಸಲ ಮುಚ್ಚುವ ಹಾಗೂ ಆಯಿತು, ಆದರೆ ಮುಚ್ಚಲಿಲ್ಲ. ಗುಂಡು ಈಗಲೂ ಅಲ್ಲಿದೆ. ಯಾರೋ ಅದಕ್ಕೆ ವಿಭೂತಿ ಹಚ್ಚಿದ್ದಾರೆ, ಹೊಸಬರು ಲಿಂಗವೆಂದು ಕೈ ಮುಗಿಯುತ್ತಾರೆ. ಅಪ್ಪ ಇದ್ದಿದ್ದರೆ ‘ಕೈ ಮುಗೀಬ್ಯಾಡ್ರಿ, ಎತ್ತಿ ತೂಗ್ರಿ’ ಎಂದು ಗದರುತ್ತಿದ್ದ.

ಈಗ ನಾನಿರುವುದು ಬಳ್ಳಾರಿಯ ಗಾಂಧಿನಗರದಲ್ಲಿ. ಇಲ್ಲಿ ಅಕ್ಕಿ ಫೋನಿನಿಂದ ಬರುತ್ತದೆ. ಯಾರು ಬೆಳೆದರೋ, ಯಾರು ತೂಗಿದರೋ, ಮೊಮ್ಮಕ್ಕಳು ಕೇಳುವುದಿಲ್ಲ. ಚೀಲದ ಮೇಲೆ ಬರೆದದ್ದೇ ತೂಕ. ನಾನೋ, ಅಪ್ಪ ಕೊನೆಗೆ ನನಗೇ ಬಿಟ್ಟುಕೊಟ್ಟ ಆ ಗಾಲಿಯನ್ನು ಇನ್ನೂ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಮೊನ್ನೆ ಈ ಕಥೆ ಹೇಳಿ ಮುಗಿಸಿದಾಗ ಮೊಮ್ಮಗಳು ಗಾಲಿಯನ್ನು ಒಯ್ದು ಅಡುಗೆಮನೆಯ ಪುಟ್ಟ ತಕ್ಕಡಿಯ ಮೇಲಿಟ್ಟಳು. ಒಂಬೈನೂರ ಅರವತ್ತು ಗ್ರಾಂ.

‘ಅಜ್ಜಿ, ಇದು ಒಂದು ಕಿಲೋ ಇಲ್ಲ!’

‘ಅರವತ್ತು ವರ್ಷದ ತುಕ್ಕು ಉದುರೈತಿ’ ಎಂದೆ. ‘ಇಲ್ಲಾ, ನಿಮ್ಮ ತಕ್ಕಡೀನ ಸುಳ್ಳು.’

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ‘ಇಲ್ಲಾ, ಆವತ್ತು ಸಂಘದ ತಕ್ಕಡೀನ ಸುಳ್ಳು ಹೇಳಿರಬಹುದು. ನಡಿ, ಕಿರಾಣಿ ಅಂಗಡ್ಯಾಗ ತೂಗಿ ನೋಡೋಣು’ ಎಂದು ಗಾಲಿಯನ್ನು ಸ್ಕೂಲ್ ಬ್ಯಾಗಿಗೆ ಹಾಕಿಕೊಂಡಳು. ಅಪ್ಪನೇ ಎದ್ದು ಬಂದು ನಿಂತಂತಾಗಿ ನನ್ನ ಎದೆ ತುಂಬಿ ಬಂತು. ಚಪ್ಪಲಿ ಮೆಟ್ಟಿಕೊಂಡೆ. ಹೊರಡುವ ಮುಂಚೆ ಮಾತ್ರ, ಎಲ್ಲಾದರೂ ತೂತು ಇದೆಯೇನೋ ಎಂದು ಅವಳ ಬ್ಯಾಗಿನ ತಳವನ್ನು ಒಮ್ಮೆ ತಿರುವಿ ನೋಡಿದೆ.