ಕಿಟಕಿಯ ಸರಳು ಮತ್ತು ಪಕ್ಕದ ಹೋಟೆಲಿನ ಕಾಫಿ

ನಮ್ಮ ಅಡಿಗೆಮನೆಯ ಕಿಟಕಿ ಬೀದಿಗೆ ತೆರೆದುಕೊಂಡಿತ್ತು. ಅದರ ಕಬ್ಬಿಣದ ಸರಳುಗಳ ನಡುವೆ ಒಂದು ಹಿತ್ತಾಳೆ ಲೋಟ ಸರಿಯಾಗಿ ತೂರುತ್ತಿತ್ತು. ಕಟ್ಟಿದವನು ಅಷ್ಟು ಸಂದು ಏಕೆ ಬಿಟ್ಟನೋ ನನಗೆ ತಿಳಿಯದು. ದೇವರು ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುವಾಗ ನಾನು ಆ ಸಂದನ್ನು ಮರೆಯುವುದಿಲ್ಲ. ಪಕ್ಕದ ಮನೆಯ ಹೋಟೆಲು ಉಳಿದದ್ದು ಅದರಿಂದ.

ಹೋಟೆಲು ಅರ್ಮೇನಿಯಾದವರದು, ತಾಯಿ ಮತ್ತು ಮಗ. ದೊಡ್ಡ ಯುದ್ಧದ ಕಾಲದಲ್ಲಿ ಊರು ಬಿಟ್ಟು ಓಡಿ, ಎಲ್ಲೆಲ್ಲೋ ಅಲೆದು, ಮದರಾಸಿನಲ್ಲಿ ಕೆಲವು ಕಾಲವಿದ್ದು ಮೈಸೂರಿಗೆ ಬಂದಿದ್ದರು. ಚರ್ಚಿನ ಹಿಂದಿನ ನಮ್ಮ ಬೀದಿಯಲ್ಲಿ ಬಾಡಿಗೆಗೆ ಮನೆ ಹಿಡಿದು, ಮುಂದಿನ ಕೋಣೆಗೆ ಮೇಜು ಬೆಂಚು ಹಾಕಿದರು. ಅವರೂ ಕ್ರೈಸ್ತರು, ನಾವೂ ಕ್ರೈಸ್ತರು. ಆ ತಾಯಿ ಮೊದಲ ದಿನವೇ ನನ್ನನ್ನು ಮಗಳೇ ಎಂದರು.

ಅವರ ಊರಿನಲ್ಲಿ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸುತ್ತಾರಂತೆ. ಇಲ್ಲಿ ದ್ರಾಕ್ಷಿ ಎಲೆ ಎಲ್ಲಿ ತರುವುದು? ಮಾರ್ಕೆಟ್ಟಿನಲ್ಲಿ ರಾಶಿ ಬಿದ್ದಿದ್ದ ಒಳ್ಳೆಯ ವೀಳ್ಯದೆಲೆ ತಂದು ಅದರಲ್ಲೇ ಸುತ್ತಿಬಿಟ್ಟರು. ದಿನಾ ಬರುತ್ತಿದ್ದ ಕಚೇರಿ ಗುಮಾಸ್ತರೊಬ್ಬರು ಒಂದನ್ನು ಬಾಯಿಗಿಟ್ಟು, ಸ್ವಲ್ಪ ಹೊತ್ತು ಅಗಿದು, "ಸುಣ್ಣ ಅಡಿಕೆ ಆಮೇಲೆ ಕೊಡ್ತೀರೇನ್ರೀ?" ಎಂದು ಕೇಳಿದರು. ಮಾರನೆಯ ದಿನದಿಂದ ಎಲೆಕೋಸು ಬಂತು. ಆದರೂ ಹೋಟೆಲನ್ನು ಹಿಡಿದು ನಿಲ್ಲಿಸಿದ್ದು ಊಟವಲ್ಲ, ಕಾಫಿ. ಗುಮಾಸ್ತರು, ಜಟಕಾದವರು, ಎಲ್ಲರೂ ಅದಕ್ಕೇ ಬರುತ್ತಿದ್ದರು.

ಅಷ್ಟರಲ್ಲಿ ತಪಸ್ಸು ಕಾಲ ಬಂತು, ಯೇಸು ಮತ್ತೆ ಎದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸ. ಒಂದು ಸಂಜೆ ಮಗ ನಮ್ಮ ಬಾಗಿಲಲ್ಲಿ ಬಂದು ನಿಂತ. ಮುಖ ಇಷ್ಟೇ ಇಷ್ಟಾಗಿತ್ತು.

"ಅಕ್ಕಾ, ಅಮ್ಮ ಹಾಲಿನವಳನ್ನ ವಾಪಸು ಕಳಿಸಿಬುಟ್ರು. ಪಾಸ್ಕ ಹಬ್ಬದವರೆಗೂ ಹಾಲು ಒಳಗೆ ಬರಬಾರದಂತೆ."

"ನಾವೂ ಮಾಂಸ ಬಿಡ್ತೀವಪ್ಪ. ಹಾಲು ಏನು ಮಾಡ್ತು ಪಾಪ?"

"ಅಮ್ಮನ ಪ್ರಕಾರ ಹಾಲು ಮಾಂಸದ ತಂಗಿ, ಅಕ್ಕಾ. ಹಾಲಿಲ್ಲದ ಕಾಫಿ ಈ ಊರಲ್ಲಿ ಯಾರು ಕುಡೀತಾರೆ? ಗಿರಾಕಿ ಹೋದ್ರೆ ಮತ್ತೆ ಗಂಟುಮೂಟೆ ಕಟ್ಟಬೇಕು. ಇನ್ನೆಲ್ಲಿಗೆ ಅಂತ ಹೋಗೋದು?"

ನಾನೇ ಹೋಗಿ ಕೇಳಿದೆ. ಆಕೆ ಹಿಟ್ಟು ನಾದುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಮಗಳೇ, ಓಡಿ ಬರೋವಾಗ ಒಬ್ಬ ಕುರಿಯವನು ಹಾಲು ಕೊಟ್ಟ. ಆಗಲೂ ತಪಸ್ಸು ಕಾಲ. ಮಗನಿಗೆ ಕುಡಿಸಿದೆ, ನಾನು ಮುಟ್ಟಲಿಲ್ಲ. ದೇವರು ಇಬ್ಬರನ್ನೂ ದಾಟಿಸಿದ. ಈಗ ಹೊಟ್ಟೆ ತುಂಬಿದ ಮೇಲೆ ವ್ರತ ಬಿಡಲಾ?"

ಮನೆಗೆ ಬಂದು ಜಪಸರ ಹಿಡಿದು ಕೂತೆ.

ಮರುದಿನ ಬೆಳಿಗ್ಗೆ ಹಿನಕಲ್ ಹಳ್ಳಿಯ ಅದೇ ಹಾಲಿನವಳು ನನ್ನ ಕಿಟಕಿಯ ಕೆಳಗೆ ಕೂತು ಹಾಲು ಅಳೆಯುತ್ತಿದ್ದಳು. ವೀಳ್ಯದೆಲೆ ಅಗಿದ ಅದೇ ಗುಮಾಸ್ತರು ಕೈಯಲ್ಲಿ ಲೋಟ ಹಿಡಿದು ಹೋಟೆಲಿನಿಂದ ಹೊರಗೆ ಬಂದರು.

"ಯಾಕ್ ಬುದ್ದಿ, ಮೂತಿ ಅಂಗೆ ಮಾಡ್ಕೊಂಡಿದ್ದೀರಿ?" ಎಂದಳು ಹಾಲಿನವಳು.

"ಕಷಾಯ ಕೊಟ್ಟಿದ್ದಾರೆ ಕಣಮ್ಮ. ನನಗೇನು ಜ್ವರ ಬಂದಿದೆಯೇ?" ಎಂದವರು ನನ್ನ ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು ನೋಡಿದರು. ಲೋಟವನ್ನು ಸರಳಿನ ನಡುವೆ ತೂರಿಸಿದರು. ನಾನು ಹಾಲು ಹಾಕಿದೆ.

ಅಷ್ಟೇ. ಮಾರನೆಯ ದಿನ ಅವರ ಹಿಂದೆ ಜಟಕಾದವರು ನಿಂತರು. ವಾರ ಕಳೆಯುವುದರೊಳಗೆ ಸಾಲು. ಕಾಫಿ ಅಲ್ಲಿ, ಹಾಲು ಇಲ್ಲಿ. ಹಾಲಿನವಳು ಇನ್ನೊಂದು ತಂಬಿಗೆ ಹೊತ್ತು ತಂದು, ತನ್ನ ಕಾಸನ್ನು ಗಿರಾಕಿಗಳಿಂದಲೇ ಕೇಳಿ ಪಡೆದಳು. "ಕಾಸಿಕೊಡೋದು ನಿಮ್ಮ ಪುಣ್ಯ, ಮಾರೋದು ನನ್ನ ಹೊಟ್ಟೆಪಾಡು ಕಣ್ರವ್ವ," ಎಂದಳು.

"ಏನೇ ಇದು, ರೈಲ್ವೆ ಟಿಕೆಟ್ ಕೊಡೋರ ಹಾಗೆ ಕೂತಿದ್ದೀಯಲ್ಲ!" ಎಂದು ನಮ್ಮ ಯಜಮಾನರು ಗದರಿದರು. ಎರಡು ದಿನ ಬಿಟ್ಟು ಸರಳಿನೊಳಗೆ ಬಂದ ಒಂದು ಲೋಟದ ಹಿಂದಿನ ಕೈಯಲ್ಲಿ ನನಗೆ ಗುರುತಿದ್ದ ಉಂಗುರವಿತ್ತು. ಸ್ವಂತ ಮನೆಯ ಹೊರಗೆ ಸಾಲಿನಲ್ಲಿ ನಿಂತಿದ್ದರು ಮಹರಾಯರು. "ಮುಂದೆ ನಡೀರಿ, ಹಿಂದಿನವರು ಕಾಯ್ತಿದ್ದಾರೆ," ಎಂದೆ.

ನನಗಿದ್ದ ಭಯವೆಲ್ಲ ಆ ತಾಯಿಯದು. ಒಂದು ದಿನ ಅವರೇ ಹೊರಗೆ ಬಂದರು. ಸೌಟು ನನ್ನ ಕೈಯಲ್ಲೇ ನಿಂತಿತು. ಇದು ಮೋಸವೆಂದು ಕೂಗಾಡಿದರೆ ಹೋಟೆಲಿಗೆ ಅಂದೇ ಬೀಗ. ಆಕೆ ಹಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಲು ನೋಡಿದರು, ನಿಂತವರ ಕಾಲು ನೋಡಿದರು, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಗ ಒಂದು ಬೆಂಚು ಹೊತ್ತು ತಂದು ನನ್ನ ಕಿಟಕಿಯ ಕೆಳಗೆ, ನೆರಳಿಗೆ ಹಾಕಿದ.

ಪಾಸ್ಕ ಹಬ್ಬದ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಒಲೆ ಹೊತ್ತಿಸಿದ್ದೆ. ಅವರ ಊರಿನ ಹಬ್ಬದ ಪದ್ಧತಿಯಂತೆ ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪಾದ ಮೊಟ್ಟೆಯೊಂದು ಸರಳಿನ ನಡುವೆ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಅದರ ಹಿಂದೆಯೇ ಲೋಟ.

"ಹಾಲು ಹಾಕು, ಮಗಳೇ."

"ನಿಮ್ಮ ಬಾಗಿಲಿಗೇ ಹಾಲು ಬಂದಿದೆಯಲ್ಲಮ್ಮ ಇವತ್ತು?"

"ಹಾಕು."

ಹಾಕಿದೆ. ಆಕೆ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿದರು. ಆಮೇಲೆ ತಮ್ಮದೇ ಹೋಟೆಲಿನ ಕಡೆ ಬೆರಳು ತೋರಿಸಿ, ಮಗನಿಗೆ ಕೇಳುವ ಹಾಗೆ, "ಅಲ್ಲಿಗಿಂತ ಇಲ್ಲೇ ಕಾಫಿ ಚೆನ್ನಾಗಿದೆ," ಎಂದರು.

ಲೋಟ ತೆಗೆದುಕೊಂಡು ಹೋದರು. ಬೆಂಚನ್ನು ಮಾತ್ರ ವಾಪಸು ತರಿಸಿಕೊಳ್ಳಲಿಲ್ಲ.