ಗ್ಯಾರಂಟಿ ಮೇಷ್ಟ್ರ ಮುಂದಿನ ಹಲ್ಲು

ನಮ್ಮ ಭಾವನವರನ್ನು ಊರೆಲ್ಲ ಗ್ಯಾರಂಟಿ ಮೇಷ್ಟ್ರು ಎಂದು ಕರೆಯುತ್ತದೆ. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ನಾನು ಅವರಿಗೆ ಬಹುವಚನ ಹಚ್ಚುತ್ತೇನೆ. ಯೋಗ್ಯತೆಗೆ ಏಕವಚನವೇ ಹೆಚ್ಚಾಯಿತು. ಅವರ ಟ್ಯೂಷನ್ ಇರುವುದು ನನ್ನ ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೀದಿಗೆ ಕಾಣುವಂತೆ ಹಳದಿ ಬೋರ್ಡು: ‘ಭೌತಶಾಸ್ತ್ರ. ಪಾಸ್ ಗ್ಯಾರಂಟಿ.’ ಪಾಸಾಗದಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಎಂಬುದನ್ನು ಮಾತ್ರ ಬೋರ್ಡು ಹೇಳುವುದಿಲ್ಲ.

ಅವರು ಬೆಳೆದದ್ದು ತಮ್ಮ ಅಪ್ಪನ ಟೈಪಿಂಗ್ ಶಾಲೆಯಲ್ಲಿ. ಅಲ್ಲಿ ಯಾರಿಗೂ ಅರ್ಥ ಬೇಕಿರಲಿಲ್ಲ. ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ, ತಲೆ ಎಲ್ಲಿ ಬೇಕಾದರೂ ಇರಲಿ. ಭಾವ ಇದನ್ನೇ ವಿದ್ಯೆ ಎಂದು ನಂಬಿದರು. ಪುಸ್ತಕವನ್ನು ಅಗಿಯದೆ ನುಂಗಿ, ಪರೀಕ್ಷೆಯಲ್ಲಿ ಹಾಗೇ ಕಕ್ಕಿ, ಪದವಿ ಗಿಟ್ಟಿಸಿ ಒಂದು ಕಾಲೇಜಿನಲ್ಲಿ ಮೇಷ್ಟ್ರಾದರು. ಹೋದವರೇ ಪ್ರಯೋಗಶಾಲೆಗೆ ಬೀಗ ಹಾಕಿಸಿದರು. ಮಕ್ಕಳು ಮುಟ್ಟಿದರೆ ಸಾಮಾನು ಹಾಳಾಗುತ್ತದೆ ಎಂಬುದು ನೆಪ. ಹೊಸ ಪ್ರಿನ್ಸಿಪಾಲರು ಬಂದು ಬೀಗ ತೆಗೆಸಿ, ‘ಇದನ್ನ ಸ್ವಲ್ಪ ಬಳಸಿ ತೋರಿಸಿ’ ಎಂದು ಕರೆಂಟು ಅಳೆಯುವ ಒಂದು ಮೀಟರನ್ನು ಕೈಗೆ ಕೊಟ್ಟರೆ, ಭಾವ ಅದನ್ನು ತಲೆಕೆಳಗಾಗಿ ಹಿಡಿದು ‘ಮುಳ್ಳು ಕೆಟ್ಟಿದೆ ಸಾರ್’ ಎಂದರಂತೆ. ಮುಂದಿನ ವರ್ಷ ಕೆಲಸ ಉಳಿಯಲಿಲ್ಲ. ಮನೆಗೆ ಬಂದು, ಆ ಕಾಲೇಜು ನನ್ನ ಮಟ್ಟದ್ದಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ನೆಲವನ್ನೇ ಬಿಟ್ಟು ಮಹಡಿ ಹತ್ತಿದರು.

ಮಹಡಿಯಲ್ಲಿ ನಡೆಯುತ್ತಿದ್ದುದು ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ, ಅದರಲ್ಲೂ ಡುಮ್ಕಿ ಹೊಡೆದವರಿಗೆ ಪಾಠ. ವರ್ಷದ ಕೊನೆಯ ಪರೀಕ್ಷೆ ಹತ್ತಿರವಾದರೆ ‘ಮೂಲತತ್ವಗಳ ರಿವಿಷನ್’ ಎಂಬ ಗದ್ದಲ ಶುರು. ಭಾವ ಮೇಜಿನ ಮೇಲೆ ಸ್ಕೇಲು ಕುಟ್ಟುತ್ತ ‘ಬಲ ಅಂದ್ರೆ?’ ಎಂದು ಕೂಗುತ್ತಾರೆ. ‘ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ!’ ಎಂದು ಮಕ್ಕಳು ಅರಚುತ್ತಾರೆ. ಕೆಳಗೆ ನನ್ನ ಗಾಜಿನ ಕಪಾಟಿನಲ್ಲಿ ಫ್ರೇಮುಗಳು ಗಡಗಡ ನಡುಗುತ್ತವೆ. ಕಣ್ಣು ತೋರಿಸಲು ಬಂದವರು ಛಾವಣಿ ನೋಡಿ, ‘ಮೇಲೆ ಏನ್ರೀ, ಜಗಳಾನಾ?’ ಎಂದು ಕೇಳುತ್ತಾರೆ.

ಆ ವರ್ಷ ಅರಚುವವರ ನಡುವೆ ಒಬ್ಬಳು ಬಾಯಿ ಮುಚ್ಚಿ ಕೂರುತ್ತಿದ್ದಳು. ಬಸ್ ಡ್ರೈವರನ ಮಗಳು. ಹಿಂದಿನ ಸಲ ಭೌತಶಾಸ್ತ್ರವೊಂದರಲ್ಲೇ ನಪಾಸಾದವಳು. ಆಸ್ಪತ್ರೆಯ ಲ್ಯಾಬಿನ ಕೆಲಸ ಕಲಿಯುವ ಆಸೆ, ಅದಕ್ಕೆ ಈ ಒಂದು ವಿಷಯ ಅಡ್ಡ. ಏನು ಹೇಳಿದರೂ ‘ಯಾಕೆ ಸಾರ್?’ ಎನ್ನುತ್ತಾಳೆಂದು ಭಾವ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ಅಡ್ಡಹೆಸರಿಡುವುದರಲ್ಲಿ ಮಾತ್ರ ಅವರಿಗೆ ಸ್ವಂತ ಬುದ್ಧಿ ಇತ್ತು.

ಒಂದು ಸಂಜೆ ನಾನು ಕರೆಂಟಿನ ಬಿಲ್ಲಿನ ವಿಚಾರಕ್ಕೆ ಮಹಡಿ ಹತ್ತಿದ್ದಾಗ ಅವಳು ಎದ್ದು ನಿಂತಿದ್ದಳು.

‘ಸಾರ್, ಅಪ್ಪ ಬ್ರೇಕ್ ಹಾಕಿದ್ರೆ ಬಸ್ಸಲ್ಲಿ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸ್ತಾರೆ. ಅವರನ್ನ ತಳ್ಳೋದು ಯಾರು?’

‘ಜಡತ್ವ,’ ಎಂದರು ಭಾವ. ‘ಜಡತ್ವ ತಳ್ಳುತ್ತೆ. ಬರ್ಕೋ.’

‘ಜಡತ್ವ ಅಂದ್ರೆ ಬಲಾನಾ ಸಾರ್? ಮೊನ್ನೆ ಅದು ಬಲ ಅಲ್ಲ ಅಂತ ಓದಿಸಿದ್ರಲ್ಲ? ಬಸ್ ನಿಂತಿತು, ನಾವು ನಿಲ್ಲಲಿಲ್ಲ, ಅಷ್ಟೇ ಅಲ್ವಾ? ಯಾರೂ ತಳ್ಳಲೇ ಇಲ್ಲ ಅನ್ಸುತ್ತೆ.’

ಹುಡುಗಿ ಹೇಳಿದ್ದು ಸರಿಯಾಗಿತ್ತು. ಸರಿಯಾಗಿದೆ ಎಂದು ತಿಳಿಯಲಿಕ್ಕಾದರೂ ಭಾವನಿಗೆ ವಿಷಯ ಗೊತ್ತಿರಬೇಕಲ್ಲ! ಅವರು ಕ್ಲಾಸಿನ ಕಡೆ ತಿರುಗಿ, ‘ಯಾಕಮ್ಮನವರು ಹೊಸ ನಿಯಮ ಕಂಡುಹಿಡಿದಿದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟಿ’ ಎಂದರು. ಮಕ್ಕಳು ತಟ್ಟಿದರು, ನಕ್ಕರು. ಅವಳು ಕಿವಿ ಕೆಂಪಗಾಗಿ ಕೂತಳು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಎದುರುಗಡೆಯ ಕಟ್ಟಡದಲ್ಲಿ ಇನ್ನೊಂದು ಟ್ಯೂಷನ್ ತೆರೆಯಿತು. ಅವರ ಬೋರ್ಡಿನಲ್ಲಿ ‘ಪ್ರಯೋಗ ಸಹಿತ’ ಎಂದು ಬರೆದಿತ್ತು. ಆ ಎರಡು ಪದ ಕಂಡು ಭಾವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಕಿಟಕಿಯಲ್ಲಿ ನಿಂತು ಎದುರು ಮೆಟ್ಟಿಲು ಹತ್ತುವ ಮಕ್ಕಳನ್ನು ದಿಟ್ಟಿಸುವುದೇ ಕೆಲಸವಾಯಿತು. ಕೊನೆಗೊಂದು ದಿನ ಮೊಬೈಲಿನಲ್ಲಿ ಯಾರೋ ಮಾಡಿದ ಪ್ರಯೋಗ ನೋಡಿ ಕುಣಿಯುತ್ತ ಕೆಳಗಿಳಿದು ಬಂದರು.

ಪ್ರಯೋಗ ಸುಲಭದ್ದು. ಭಾರದ ಗುಂಡೊಂದನ್ನು ಛಾವಣಿಯಿಂದ ಹಗ್ಗದಲ್ಲಿ ತೂಗುಬಿಡಬೇಕು. ಗುಂಡನ್ನು ಮೂಗಿನವರೆಗೆ ಎಳೆದು ಹಿಡಿದು ಗೋಡೆಗೊರಗಿ ನಿಲ್ಲಬೇಕು. ಆಮೇಲೆ ಕೈ ಬಿಡಬೇಕು. ಅದು ಆ ತುದಿಗೆ ಹೋಗಿ ತಿರುಗಿ ಬರುತ್ತದೆ, ಆದರೆ ಬಿಟ್ಟ ಎತ್ತರಕ್ಕಿಂತ ಮೇಲೇರುವಷ್ಟು ಶಕ್ತಿ ಅದಕ್ಕಿಲ್ಲ; ಮೂಗಿನ ಹತ್ತಿರ ಬಂದು ನಿಂತು ಹಿಂದಕ್ಕೆ ಹೋಗುತ್ತದೆ. ನಿಂತವನು ಅಲ್ಲಾಡಬಾರದು.

‘ಅಪ್ಪ ಅಮ್ಮಂದಿರನ್ನೂ ಕರೀತೀನಿ,’ ಎಂದರು. ‘ಎದುರುಮನೆಯವನು ನೋಡಿ ಸಾಯಬೇಕು.’

‘ಒಂದು ಸಲ ಮಾಡಿ ನೋಡಿದ್ರಾ ಭಾವ?’

‘ಹುಲಿ ಬೇಟೆ ಅಭ್ಯಾಸ ಮಾಡುತ್ತೇನೋ?’

ಹುಲಿ ಮಾಡುತ್ತದೆ, ಮರಿಯಾಗಿದ್ದಾಗಿನಿಂದ ಮಾಡುತ್ತದೆ. ಹೇಳಿ ಏನು ಪ್ರಯೋಜನ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಆಟದ ಮೈದಾನದ ತರಬೇತುದಾರನಿಂದ ಎಸೆಯುವ ಕಬ್ಬಿಣದ ಗುಂಡು ತಂದರು. ಬಲೆಚೀಲದಲ್ಲಿ ಹಾಕಿ ಫ್ಯಾನಿನ ಕೊಕ್ಕೆಗೆ ನೈಲಾನ್ ಹಗ್ಗ ಬಿಗಿದರು. ಭಾನುವಾರ ಸಂಜೆ ಮಹಡಿ ತುಂಬಿತು. ಹಿಂದೆ ಬೆಂಚುಗಳ ಮೇಲೆ ಹೆತ್ತವರು, ನೆಲದ ಮೇಲೆ ಮಕ್ಕಳು. ಅಕ್ಕ ಬಾಗಿಲ ಬಳಿ ನಿಂತಿದ್ದಳು, ಅವಳ ಪಕ್ಕ ನಾನು. ಭಾವ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಮದುವೆ ಗಂಡಿನಂತೆ ಗೋಡೆಗೆ ಬೆನ್ನು ಕೊಟ್ಟು ನಿಂತರು.

ಶಕ್ತಿ ಸಂರಕ್ಷಣೆಯ ನಿಯಮವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಗುಂಡನ್ನು ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದರು. ಹಿಡಿದ ಕೈ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು, ಚೆಂಡೆಸೆಯುವವನ ಕೈಯಂತೆ.

ನೆಲದಿಂದ ಯಾಕಮ್ಮ ಕೂಗಿದಳು: ‘ಸಾರ್, ಬರೀ ಕೈ ಬಿಡಿ. ತಳ್ಳಬೇಡಿ.’

‘ಇವಳು ನನಗೆ ಹೇಳಿಕೊಡ್ತಾಳೆ!’ ಎಂದು ಭಾವ ಹೆತ್ತವರ ಕಡೆ ನೋಡಿ ನಕ್ಕರು. ಎಲ್ಲರೂ ನಗಲಿ ಎಂದು ಸ್ವಲ್ಪ ಕಾದರು. ಆಮೇಲೆ, ಸುಮ್ಮನೆ ಬಿಟ್ಟರೆ ನೋಡುವವರಿಗೆ ಸಪ್ಪೆ ಎನಿಸೀತು ಎಂದುಕೊಂಡರೋ ಏನೋ, ಎರಡೂ ಕೈಯಿಂದ ಗುಂಡನ್ನು ಜೋರಾಗಿ ನೂಕಿದರು.

ಗುಂಡು ಹೋಯಿತು. ಹೆತ್ತವರು ‘ಓ’ ಎಂದರು. ಭಾವ ಎದೆ ಉಬ್ಬಿಸಿ, ನಗುತ್ತ, ಕಣ್ಣು ಮುಚ್ಚಿ ನಿಂತರು. ಗುಂಡು ತಿರುಗಿ ಬಂತು. ಕೊಟ್ಟದ್ದನ್ನೆಲ್ಲ ಚಾಚೂ ತಪ್ಪದೆ ವಾಪಸು ತಂದಿತು.

ಸದ್ದು ದೊಡ್ಡದೇನಲ್ಲ, ಅಡಿಕೆ ಕತ್ತರಿಸಿದಷ್ಟು. ಭಾವ ಗೋಡೆಯುದ್ದಕ್ಕೂ ಜಾರಿ ಕುಳಿತರು. ಬಿಳಿ ಶರಟು ಕೆಂಪಾಯಿತು. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಅವರ ಮಡಿಲಿಗೂ ಇನ್ನೊಂದು ಯಾರದೋ ಅಪ್ಪನ ಚಪ್ಪಲಿಯ ಹತ್ತಿರಕ್ಕೂ ಬಿದ್ದವು. ಅಕ್ಕ ಓಡಿಹೋಗಿ ಸೆರಗು ಒತ್ತಿದಳು. ಅಳುತ್ತಾಳೇನೋ ಎಂದುಕೊಂಡೆ.

‘ರೀ, ಆ ಹುಡುಗಿ ಬಾಯಿ ಬಿಟ್ಟು ಹೇಳಿದ್ಲಲ್ರೀ, ತಳ್ಳಬೇಡಿ ಅಂತ!’ ಎಂದಳು.

ಭಾವ ಏನೋ ಹೇಳಲು ಹೋದರು. ಗಾಳಿ ಮಾತ್ರ ಹೊರಬಂತು.

ಅವರನ್ನು ಆಟೋದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಸಾಗಿಸಿ ನಾನು ವಾಪಸು ಬಂದಾಗ ಹೆತ್ತವರು ಚದುರಿದ್ದರು. ಮಕ್ಕಳು ಹೋಗಿರಲಿಲ್ಲ. ಪರೀಕ್ಷೆಗೆ ವಾರವೂ ಉಳಿದಿರಲಿಲ್ಲ, ಮೇಷ್ಟ್ರ ಬಾಯಿ ಊದಿ ಬನ್ನಾಗಿತ್ತು. ಹೆದರಿಕೆಯಿಂದ ಅಳುವ ಮುಖ ಮಾಡಿಕೊಂಡು ಕೂತಿದ್ದಾರೆಂದುಕೊಂಡರೆ, ಮೇಲೆ ಜಗಳ ನಡೆದಿತ್ತು. ನಿಯಮವೇ ಸುಳ್ಳು ಎಂದು ಒಬ್ಬ. ಹಗ್ಗ ಉದ್ದವಾಯಿತು ಎಂದು ಇನ್ನೊಬ್ಬ.

ಯಾಕಮ್ಮ ಸೀಮೆಸುಣ್ಣ ಹಿಡಿದು ಎದ್ದು ನಿಂತಿದ್ದಳು. ‘ನಿಯಮ ಸರಿಯಾಗೇ ಇದೆ ಕಣ್ರೋ. ಎತ್ತರಕ್ಕೆ ಎತ್ತಿದ್ದಕ್ಕೆ ಗುಂಡಿಗೆ ಒಂದಷ್ಟು ಶಕ್ತಿ ಬಂತು. ಸುಮ್ಮನೆ ಬಿಟ್ಟಿದ್ರೆ ಅಷ್ಟರಲ್ಲೇ ಹೋಗಿ ಬರ್ತಿತ್ತು. ಸಾರ್ ತಳ್ಳಿ ಇನ್ನಷ್ಟು ಚಲನಶಕ್ತಿ ಕೊಟ್ರು. ಅದು ಎಲ್ಲಿಗೆ ಹೋಗಬೇಕು ಹೇಳಿ? ಹಲ್ಲಿಗೆ ಹೋಯ್ತು.’

‘ಹಾಗಾದ್ರೆ ನೀನೇ ನಿಂತು ತೋರಿಸು,’ ಎಂದ ಹಗ್ಗದವನು.

ನಾನು ಬೇಡ ಎನ್ನುವಷ್ಟರಲ್ಲಿ ಅವಳು ರಕ್ತ ಒರೆಸಿದ ಗುಂಡನ್ನು ಎತ್ತಿ, ಗೋಡೆಗೆ ತಲೆ ಆನಿಸಿ, ಮೂಗಿಗೆ ತಾಗಿಸಿ ಹಿಡಿದಿದ್ದಳು. ಬೆರಳು ಬಿಚ್ಚಿದಳು. ಗುಂಡು ಹೋಗಿ ಬಂತು. ಅವಳ ಮೂಗಿನಿಂದ ಒಂದು ಬೆರಳಿನಷ್ಟು ಈಚೆಗೇ ನಿಂತು ಹಿಂದೆ ಸರಿಯಿತು. ಅವಳ ಕಣ್ಣು ತೆರೆದೇ ಇತ್ತು. ಗಾಳಿ ತಡೆಯುವುದರಿಂದ ಆ ಒಂದು ಬೆರಳಿನಷ್ಟು ಕಮ್ಮಿಯಾಯಿತು ಎಂದು ಅವಳೇ ಹೇಳಿದಳು. ಆಮೇಲೆ ಎಲ್ಲರಿಗೂ ನಿಲ್ಲುವ ಹುಚ್ಚು. ನಡುಗುತ್ತ ನಿಂತವರು, ಕಿರುಚಿದವರು, ಕೊನೆಗೆ ಬಗ್ಗಿ ತಪ್ಪಿಸಿಕೊಂಡು ಬೈಸಿಕೊಂಡವರು. ಅಷ್ಟು ವರ್ಷದಲ್ಲಿ ಆ ಮಹಡಿಯಿಂದ ಮೊದಲ ಸಲ ಗೇಲಿಯಿಲ್ಲದ ನಗು ಕೇಳಿದೆ.

ಉಳಿದ ದಿನಗಳಲ್ಲಿ ಮಕ್ಕಳದೇ ಕ್ಲಾಸು. ಅಕ್ಕ ಬೀಗದ ಕೈ ಕೊಟ್ಟಳು. ಬೆಳಕಿನ ಪಾಠಕ್ಕೆ ನನ್ನ ಅಂಗಡಿಯಿಂದ ಬಿಡಿ ಲೆನ್ಸು ಒಯ್ದು ಗೋಡೆಯ ಮೇಲೆ ಕಿಟಕಿಯ ಬಿಂಬವನ್ನು ತಲೆಕೆಳಗಾಗಿ ಮೂಡಿಸಿದರು. ಒಂದು ದಿನ ಬಸ್ ಡ್ರೈವರ್ ತಾನೇ ಬಂದು ಕೂತು ಜಡತ್ವದ ಪಾಠ ಕೇಳಿ, ‘ಇಷ್ಟು ವರ್ಷ ಜನ ಬೀಳೋದು ನನ್ನ ತಪ್ಪು ಅಂತ ಬೈಸ್ಕೊಂಡೆ, ಇದನ್ನ ಸ್ವಲ್ಪ ದೊಡ್ಡದಾಗಿ ಬರೆದು ಕೊಡಮ್ಮ, ಬಸ್ಸಲ್ಲಿ ಅಂಟಿಸ್ತೀನಿ’ ಎಂದ.

ಪರೀಕ್ಷೆಯಲ್ಲಿ ಲೋಲಕದ, ಅಂದರೆ ತೂಗಾಡುವ ಗುಂಡಿನ ಪ್ರಶ್ನೆಯೇ ಬಂತು, ವಿವರಿಸಿ ಎಂದು ಕೇಳಿದ್ದರು. ಫಲಿತಾಂಶ ಬಂದಾಗ ಆ ಕ್ಲಾಸಿನಲ್ಲಿ ನಪಾಸಾದವರು ಇಬ್ಬರು ಮೂವರು ಇರಬಹುದು. ಹಿಂದೆಲ್ಲ ಪಾಸಾಗುತ್ತಿದ್ದವರೇ ಅಷ್ಟು. ಯಾಕಮ್ಮನಿಗೆ ಎಲ್ಲರಿಗಿಂತ ಹೆಚ್ಚು ಅಂಕ.

ಇನ್ನು ಭಾವ ತಲೆ ಎತ್ತಲಾರರು ಎಂದು ನಾನು ಲೆಕ್ಕ ಹಾಕಿದ್ದೆ. ಅವರ ಚರ್ಮದ ದಪ್ಪವನ್ನು ಲೆಕ್ಕಕ್ಕೆ ಹಿಡಿಯುವುದು ಮರೆತಿದ್ದೆ. ಹೊಸ ಹಲ್ಲು ಕಟ್ಟಿಸಿಕೊಂಡು ಬಂದವರೇ ಹೆತ್ತವರನ್ನು ಮತ್ತೆ ಕರೆದರು. ‘ನಾನು ಬೇಕಂತಲೇ ತಳ್ಳಿದ್ದು,’ ಎಂದರು. ‘ತಪ್ಪು ಮಾಡಿದ್ರೆ ಏನಾಗುತ್ತೆ ಅಂತ ಮಕ್ಕಳಿಗೆ ಜನ್ಮ ಪೂರ್ತಿ ನೆನಪಿರಬೇಕಲ್ಲ? ಹಲ್ಲು ಹೋದ್ರೆ ಹೋಗ್ಲಿ.’ ಹೆತ್ತವರಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡರು. ಮರುವಾರ ಹಳದಿ ಬೋರ್ಡಿನ ಕೆಳಗೆ ಹೊಸ ಸಾಲು ಬಂತು: ‘ಶಿಷ್ಯರಿಗಾಗಿ ಹಲ್ಲು ಕೊಟ್ಟ ಗುರು.’ ಮಕ್ಕಳು ಸಾಲುಗಟ್ಟಿದರು. ಎದುರಿನ ಟ್ಯೂಷನ್ ಬಾಗಿಲು ಹಾಕಿತು. ಪಾಪ, ಅವನಿಗೆ ಪ್ರಯೋಗ ಮಾತ್ರ ಗೊತ್ತಿತ್ತು.

ಯಾಕಮ್ಮ ಲ್ಯಾಬಿನ ಕೋರ್ಸಿಗೆ ಸೇರುವ ಮೊದಲು ಕನ್ನಡಕ ಮಾಡಿಸಲು ಬಂದಿದ್ದಳು. ‘ಬೋರ್ಡ್ ನೋಡಿದ್ಯಾ? ಮೈ ಉರಿಯಲ್ವಾ ನಿನಗೆ?’ ಎಂದೆ.

‘ನೋಡಿದೆ ಅಂಕಲ್,’ ಎಂದಳು. ‘ಅಷ್ಟು ಕಷ್ಟಪಟ್ಟು ಸುಳ್ಳು ಹೇಳೋ ಬದಲು ಪಾಠಾನೇ ಓದ್ಕೊಂಡಿದ್ರೆ ಸುಲಭ ಆಗ್ತಿತ್ತಲ್ವಾ?’ ಮೂಗಿನ ಮೇಲೆ ಫ್ರೇಮು ಸರಿಮಾಡಿಕೊಂಡು ಹೊರಟುಹೋದಳು. ಅವಳಿಗೆ ಮಾಡಲು ಬೇರೆ ಕೆಲಸವಿತ್ತು.

ಭಾವ ಮಹಡಿಯಲ್ಲಿ ಇವತ್ತಿಗೂ ಜಡತ್ವ ತಳ್ಳುತ್ತದೆ ಎಂದೇ ಬರೆಸುತ್ತಾರೆ. ಈಚೆಗೆ ಅವರಿಗೆ ಕಣ್ಣು ಮಂಜಾಗಿದೆ. ಮೊನ್ನೆ ಅಕ್ಕ ಒತ್ತಾಯ ಮಾಡಿ ಅಂಗಡಿಗೆ ಕಳಿಸಿದಳು. ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರಿನ ಗೋಡೆಯ ಅಕ್ಷರಗಳನ್ನು ಓದಿ ಎಂದೆ. ಮೇಲಿನ ದಪ್ಪ ಅಕ್ಷರದಿಂದ ಕೊನೆಯ ಇರುವೆ ಸಾಲಿನವರೆಗೆ ತಡೆಯಿಲ್ಲದೆ ಓದಿದರು. ನನಗೆ ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು, ಹಿಂದೊಮ್ಮೆ ಅಕ್ಕನ ಕಣ್ಣು ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ಬಾಯಿಪಾಠ ಮಾಡಿದ್ದರು. ನಾನು ಎದ್ದು ಹೋಗಿ ಅಕ್ಷರದ ಹಲಗೆಯನ್ನು ಹಿಂದುಮುಂದು ಮಾಡಿ, ಖಾಲಿ ಬೆನ್ನು ಕಾಣುವಂತೆ ನೇತುಹಾಕಿದೆ.

‘ಈಗ ಓದಿ ಭಾವ.’

ಅವರು ಗಂಟಲು ಸರಿಮಾಡಿಕೊಂಡು, ಮೊದಲ ಅಕ್ಷರದಿಂದ ಮತ್ತೆ ಶುರು ಮಾಡಿದರು.