ಗಲ್ಲಾದ ಹಿಂದಿನ ಫೋಟೋ

ಡೊಂಬಿವಲಿಯಲ್ಲಿ ನಾನು ಚಹಾ ಕುಡಿಯುತ್ತಿದ್ದ ಉಡುಪಿ ಹೋಟೆಲಿನ ಧಣಿ, ತೂಕ ಇಳಿಸುವ ಆಪರೇಷನ್ ಆದ ಮೇಲೆ ಅರ್ಧಕ್ಕರ್ಧ ಇಳಿದಿದ್ದರು. ಇಡ್ಲಿಯ ಒಂದು ಚೂರನ್ನು ಬಹಳ ಹೊತ್ತು ಅಗಿದು, "ಇಷ್ಟು ಸಾಕು ಮಾರಾಯ್ರೆ" ಎಂದು ತಟ್ಟೆ ಸರಿಸುತ್ತಿದ್ದರು. ತಾವು ದಢೂತಿಯಾಗಿದ್ದಾಗಿನ ಹಳೆಯ ಫೋಟೋವನ್ನು ಹೆಮ್ಮೆಯಿಂದ ಗಲ್ಲಾದ ಹಿಂದೆ, ದೇವರ ಪಟಗಳ ಪಕ್ಕ ತೂಗುಹಾಕಿದ್ದರು. ಬೆಳಿಗ್ಗೆ ಪಟಗಳಿಗೆಲ್ಲ ಹಾರ ಹಾಕುವ ಹೂವಿನವನು ಒಂದು ದಿನ ಅದಕ್ಕೂ ಹಾಕಿ ಹೋದ.

ಅದೇ ದಿನ, ಬಹಳ ತಿಂಗಳ ಮೇಲೆ ವಿಜಾಪುರದಿಂದ ಮರಳಿದ ಗಿರಾಕಿಯೊಬ್ಬರು ದೋಸೆಗೆ ಹೇಳಿ, ಫೋಟೋ ನೋಡಿ ಕೈಮುಗಿದರು. "ಅಯ್ಯ, ಅಣ್ಣಾರು ತೀರಿಕೊಂಡ್ರೇನ್ರಿ? ನೀವು ಅವರ ತಮ್ಮ ಏನ್ರಿ?"

"ಹೌದು. ತಿಂದು ತಿಂದೇ ಹೋದ್ರು," ಎಂದರು ಧಣಿ, ನಗು ನುಂಗಿಕೊಂಡು.

"ಹಂಗಾದ್ರ ದೋಸಾ ಬ್ಯಾಡ್ರಿ. ಬರೇ ಚಾ ಸಾಕು."

ಧಣಿ ಗಲ್ಲಾ ಬಿಟ್ಟು ಎದ್ದೇಬಿಟ್ಟರು. "ಸಾಯ್ಲಿಲ್ಲ ಮಾರಾಯ್ರೆ, ಅದು ನಾನೇ! ದೋಸೆ ತಿನ್ನಿ, ಎರಡು ತಿನ್ನಿ!"